ಕೊನೆ ಹೇಳಿಬಿಡುತ್ತಿದ್ದ ಚಂದ್ರಾಮ

ಶಹಾಬಾದಿನ ಆಚೆ, ಕಾಗಿಣಾ ನದಿಯ ದಂಡೆಯ ಒಂದು ಹಳ್ಳಿಯಲ್ಲಿ ಚಂದ್ರಾಮನ ಮನೆತನದವರು ಮೂರು ತಲೆಮಾರಿನಿಂದ ದೋಣಿ ನಡೆಸುತ್ತಿದ್ದರು. ಈ ದಂಡೆಯಲ್ಲಿ ಕೂತು ಆ ದಂಡೆಯವರ ಜೊತೆ ಮಾತಾಡುವುದು ಅವರಿಗೆ ರೂಢಿ. ಹಾಗೆಂದು ಕಿರುಚುವವರಲ್ಲ. ನೀರಿನ ಮೇಲೆ ಮಾತು ಹೇಗೆ ಸಾಗುತ್ತದೆಂಬುದು ಅವರಿಗೆ ತಿಳಿದಿತ್ತು. ಒಂದೊಂದು ಶಬ್ದವನ್ನೂ ಬಿಡಿಸಿ ಆಡುತ್ತಿದ್ದರು, ಕೊನೆಯ ಅಕ್ಷರವನ್ನು ತುಸು ಎಳೆದು ಬಿಡುತ್ತಿದ್ದರು.

೧೯೫೦ರ ಚಳಿಗಾಲದಲ್ಲಿ ಸೇಡಂನ ನಾಗೇಂದ್ರಪ್ಪ ಸಾಹುಕಾರರು ಹೊಳೆ ದಾಟಲೆಂದು ಅಲ್ಲಿಗೆ ಬಂದರು. ಅವರದೊಂದು ಟೂರಿಂಗ್ ಟಾಕೀಸು ಇತ್ತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಂದು ಊರೂರಿಗೆ ತಂಬು ಹೊತ್ತುಕೊಂಡು ಹೋಗಿ ಸಿನಿಮಾ ತೋರಿಸುವುದು, ಮಳೆಗಾಲ ಬಂತೆಂದರೆ ಎಲ್ಲವನ್ನೂ ಮಡಚಿ ಸೇಡಂನ ಗೋದಾಮಿನಲ್ಲಿ ಇಡುವುದು. ಅಂದು ಹೊಳೆಯ ಮೇಲೆ ದಟ್ಟ ಮಂಜು. ಆಚೆ ದಂಡೆ ಕಾಣಿಸುತ್ತಿರಲಿಲ್ಲ. ಸೇಡಂನ ಸಾಹುಕಾರ ಬಂದಿದ್ದೇನೆಂದು ದೋಣಿಗೆ ಕೂಗು ಹಾಕಿದರು. ಆ ಮಂಜಿನೊಳಗಿಂದ ಒಂದು ದನಿ, ಪಕ್ಕದಲ್ಲೇ ಕೂತು ಆಡಿದ ಹಾಗೆ ಬಂತು.

"ಸಾವ್ಕಾರ್ರೆ, ಅಲ್ಲೇ ಕಲ್ಲಿನ ಮ್ಯಾಲ ಕುಂದ್ರಿ. ಎರಡ ಎಮ್ಮಿ ಇಳಿಸಿ ಬಂದೇ ಬಿಡ್ತೀನಿ."

ದೋಣಿ ಈಚೆ ದಂಡೆಗೆ ತಾಗುವ ಹೊತ್ತಿಗೆ ನಾಗೇಂದ್ರಪ್ಪನವರು ಹೊಳೆ ದಾಟುವ ವಿಚಾರವನ್ನೇ ಬಿಟ್ಟಿದ್ದರು. ಊರಲ್ಲಿ ಸಿನಿಮಾ ಸಾರುತ್ತಿದ್ದ ಅವರ ಆಳು ವಾರದ ಹಿಂದೆ ಕೆಲಸ ಬಿಟ್ಟು ಹೋಗಿದ್ದ. ಆ ಕೆಲಸಕ್ಕೆ ಈ ದನಿಯೇ ಬೇಕೆಂದರು. ಇಪ್ಪತ್ತೆಂಟರ ಚಂದ್ರಾಮ ದೋಣಿಯನ್ನು ತಮ್ಮನಿಗೆ ಒಪ್ಪಿಸಿ, ಹೆಂಡತಿ ಚಂದಮ್ಮನಿಗೆ ಮಳೆಗಾಲಕ್ಕೆ ಬರುತ್ತೇನೆಂದು ಹೇಳಿ, ತಂಬಿನ ಹಿಂದೆ ಹೊರಟ.

ಅವನಿಗೆ ಕೊಟ್ಟದ್ದು ತಗಡಿನ ಒಂದು ಭೋಂಗಾ ಮತ್ತು ಒಂದು ಟಾಂಗಾ. ಟಾಂಗಾದ ಎರಡೂ ಮಗ್ಗುಲಿಗೆ ಸಿನಿಮಾದ ಬಣ್ಣದ ಚಿತ್ರ ಅಂಟಿಸಿದ ಹಲಗೆ. ಹೊಡೆಯುವವನು ಚಿತ್ತಾಪುರದ ಲಾಲ್ ಅಹ್ಮದ್, ಐವತ್ತು ದಾಟಿದವನು, ಮಾತು ಕಡಿಮೆ. ದಿನಾ ಮಧ್ಯಾಹ್ನ ಇಬ್ಬರೂ ಗಲ್ಲಿ ಗಲ್ಲಿ ತಿರುಗುವುದು, ಚಂದ್ರಾಮ ಭೋಂಗಾ ಹಿಡಿದು ಇಂದಿನ ಆಟ ಯಾವುದೆಂದು ಸಾರಿ ಹ್ಯಾಂಡ್‌ಬಿಲ್ಲು ಹಂಚುವುದು. ಬರುತ್ತಿದ್ದ ಸಿನಿಮಾಗಳೆಲ್ಲ ಹೆಚ್ಚು ಹಿಂದಿ, ಕೆಲವು ತೆಲುಗು. ಮುಧೋಳ, ಕೊಡ್ಲಿ ಕಡೆಯಿಂದ ಬಂಡಿ ಕಟ್ಟಿಕೊಂಡು ಬರುವವರಿಗೆ ಆ ಮಾತು ತಿಳಿಯುತ್ತಿರಲಿಲ್ಲ. ಅದಕ್ಕೇ ಕತೆಯ ನಾಲ್ಕು ಮಾತು ಕನ್ನಡದಲ್ಲಿ ಮುಂಚಿತವಾಗಿ ಹೇಳಬೇಕು ಎಂದು ಸಾಹುಕಾರರ ಅಪ್ಪಣೆ.

ಚಂದ್ರಾಮ ನಾಲ್ಕು ಮಾತಿಗೆ ನಿಲ್ಲಲಿಲ್ಲ. ಹೊಸ ಊರಿನಲ್ಲಿ ಮೊದಲ ದಿನ ಆಪರೇಟರನು ರೀಲು ಪರೀಕ್ಷೆ ಮಾಡುವಾಗ ತಾನೂ ಕೂತು ಪೂರ್ತಿ ನೋಡುತ್ತಿದ್ದ. ಮರುದಿನ ಟಾಂಗಾದ ಮೇಲೆ ನಿಂತರೆ ಕತೆ ಅವನನ್ನು ಎಳೆದುಕೊಂಡು ಹೋಗುತ್ತಿತ್ತು. ಹ್ಯಾಂಡ್‌ಬಿಲ್ಲು "ಅಗಲಿದವರು ಮತ್ತೆ ಕೂಡಿದರೇ? ಬೆಳ್ಳಿ ಪರದೆಯ ಮೇಲೆ ನೋಡಿ" ಎಂದು ಕೇಳಿ ಸುಮ್ಮನಾಗುತ್ತಿತ್ತು. ಚಂದ್ರಾಮನಿಗೆ ಸುಮ್ಮನಿರಲು ಆಗುತ್ತಿರಲಿಲ್ಲ. ಎದುರಿಗೆ ಬಾಯಿ ತೆರೆದು ನಿಂತ ಮುದುಕಿಯನ್ನೋ, ಬುಟ್ಟಿ ಹೊತ್ತವಳನ್ನೋ ನೋಡಿದರೆ, ಇಷ್ಟು ದೂರ ಕರೆತಂದು ನಡುನೀರಲ್ಲಿ ಇಳಿಸಿದ ಹಾಗೆ ಅನ್ನಿಸುತ್ತಿತ್ತು. ಕೂಡಿದರು ಎಂದು ಹೇಳಿಯೇ ಬಿಡುತ್ತಿದ್ದ. ಸತ್ತರೆ ಸತ್ತರು ಎಂದು.

ಸೇಡಂನಲ್ಲಿ, ಚಿಂಚೋಳಿಯಲ್ಲಿ ಇದು ನಡೆಯಿತು. ಸೇಡಂ ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಹಣಮಮ್ಮ ಅವನ ಬಾಯಿಂದ ಪೂರಾ ಕೇಳದೆ ತಂಬಿಗೆ ಕಾಲಿಡುತ್ತಿರಲಿಲ್ಲ. "ಕತಿ ಗೊತ್ತಿದ್ರ ಅಳಾಕ ಛಲೋ ಆಗ್ತದ. ಇಲ್ಲಾಂದ್ರ ಎಲ್ಲಿ ಅಳಬೇಕು ಅನ್ನೋದೇ ತಿಳೀದು" ಎನ್ನುತ್ತಿದ್ದಳು. ವಾಡಿ ಮತ್ತು ಶಹಾಬಾದಿನ ಮಾತೇ ಬೇರೆ. ಅಲ್ಲಿಯವರು ರೈಲಿನವರು, ಸಿಮೆಂಟ್ ಕಾರ್ಖಾನೆಯವರು, ಬೊಂಬಾಯಿ ಸೊಲ್ಲಾಪುರ ಕಂಡವರು. ವಾಡಿಯಲ್ಲಿ ಒಬ್ಬ ಫೈರ್‌ಮ್ಯಾನ್ ಟಾಂಗಾದ ಕುದುರೆಯ ಲಗಾಮನ್ನೇ ಹಿಡಿದು ನಿಲ್ಲಿಸಿದ.

"ಏನೋ ಮಾರಾಯ, ಅಣ್ಣನ್ನ ಕೊಂದಾವ ಸ್ವಂತ ಮಾವ ಅಂತ ಹೇಳೇಬಿಟ್ಟಿ. ಇನ್ನ ನಾವ್ ರೊಕ್ಕ ಕೊಟ್ಟು ಏನ್ ನೋಡ್ಬೇಕು, ನಿನ್ ಮಾರಿನ?"

ದೂರು ಸಾಹುಕಾರರಿಗೆ ಮುಟ್ಟಿತು. ನಾಗೇಂದ್ರಪ್ಪನವರು ಸಿಟ್ಟಾಗುವವರಲ್ಲ. ವಿಭೂತಿ ಹಚ್ಚಿದ ಹಣೆ ಒರೆಸಿಕೊಂಡು, ಎದುರಿಗೆ ಕೂರಿಸಿಕೊಂಡು ಹೇಳಿದರು:

"ನೋಡು ಚಂದ್ರಾಮ, ಇಂಟ್ರವಲ್ ತನಕ ನಿಂದು. ಇಂಟ್ರವಲ್ ಆದ ಮ್ಯಾಲಿಂದು ನಂದು. ಅದನ್ನ ಮುಟ್ಟಬ್ಯಾಡ."

"ಆಗ್ಲಿ ಧಣಿ" ಎಂದ ಚಂದ್ರಾಮ. ಎರಡು ದಿನ ಇಂಟರ್‌ವಲ್ಲಿಗೆ ನಿಲ್ಲಿಸಿದ. ಮೂರನೆಯ ದಿನ ಯಾರೋ ಒಬ್ಬಳು ಬಾಗಿಲಲ್ಲಿ ನಿಂತು "ಆ ಕೂಸು ಉಳೀತೇನಪ್ಪಾ?" ಎಂದು ಕೇಳಿದಳು. ಉಳಿಯಿತು ಎಂದ.

೧೯೫೧ರ ದೀಪಾವಳಿಯ ನಂತರ ತಂಬು ಚಿತ್ತಾಪುರಕ್ಕೆ ಬಂತು. ತಹಸೀಲ್ ಕಚೇರಿಯ ಹಿಂದಿನ ಗಲ್ಲಿಯಲ್ಲಿ ಒಂದು ಹಳೆಯ ಮನೆ. ಬಾಗಿಲಿಗೆ ಗೋಣಿತಟ್ಟಿನ ಪರದೆ. ಅಂದಿನ ಸಿನಿಮಾ, ಗಂಡ ಹಡಗು ಹತ್ತಿ ದೂರದೇಶಕ್ಕೆ ಹೋಗಿ ವರ್ಷಗಟ್ಟಲೆ ತಿರುಗಿ ಬಾರದಿರುವ ಕತೆ. ಸಾಹುಕಾರರ ಮಾತು ನೆನಪಾಗಿ ಚಂದ್ರಾಮ ಅರ್ಧಕ್ಕೆ ನಿಲ್ಲಿಸಿ ಹ್ಯಾಂಡ್‌ಬಿಲ್ಲು ಒಳಗೆ ಕೊಟ್ಟ. ಟಾಂಗಾ ಗಲ್ಲಿಯ ತಿರುವಿಗೆ ಬಂದಾಗ ಹಿಂದಿನಿಂದ ಒಬ್ಬ ಮುದುಕಿ ಓಡೋಡಿ ಬಂದಳು. ಕೈಯಲ್ಲಿ ಅದೇ ಹ್ಯಾಂಡ್‌ಬಿಲ್ಲು, ಉರ್ದುವಿನ ಕೊನೆಯ ಸಾಲಿನ ಮೇಲೆ ಬೆರಳು.

"ಬೀಬೀ ಕೇಳ್ಲಾಕತ್ತಾರ. ಅಂವ ತಿರುಗಿ ಬರ್ತಾನೋ ಇಲ್ಲೋ? ಅದರಾಗ ಬರ್ದಿಲ್ಲಂತ."

ಚಂದ್ರಾಮ ತಿರುಗಿ ನೋಡಿದ. ಪರದೆಯ ಅಂಚನ್ನು ಒಳಗಿನಿಂದ ಯಾರೋ ಹಿಡಿದಿದ್ದರು. ಬೆರಳು ಮಾತ್ರ ಕಾಣುತ್ತಿತ್ತು.

"ಬರ್ತಾನ ಅಂತ ಹೇಳಮ್ಮ. ಕಡೀಕ ಬಂದೇ ಬರ್ತಾನ."

ಅಂದು ಸಂಜೆ ಲಾಲ್ ಅಹ್ಮದ್ ಟಾಂಗಾಕ್ಕೆ ಸುತ್ತಲೂ ಚಾದರ ಕಟ್ಟಿ ಆ ಮನೆಯ ಇಬ್ಬರು ಹೆಂಗಸರನ್ನು ತಂಬಿಗೆ ಕರೆತಂದ. ಹೆಂಗಸರಿಗೆಂದೇ ಬಿಟ್ಟ ಜನಾನಾ ಕಡೆ ಅವರು ಹೋಗಿ ಕೂತರು. ದೀಪ ಆರಿದ ಮೇಲೆ ಹೆಂಗಸರ ಮುಂದಿನ ಪರದೆ ಸರಿಸುವುದು, ದೀಪ ಹತ್ತುವ ಮುಂಚೆ ಎಳೆಯುವುದು ಅಲ್ಲಿನ ಕ್ರಮ.

ಮರುದಿನ ಚಂದ್ರಾಮ ಲಾಲ್ ಅಹ್ಮದನನ್ನು ಕೇಳಿದ. ಅವನು ಕುದುರೆಯ ಮೈ ತಿಕ್ಕುತ್ತ, ಹೇಳಬೇಕೋ ಬೇಡವೋ ಎಂಬಂತೆ ತಡೆದು ಹೇಳಿದ. ಆಕೆ ರಶೀದಾಬೇಗಂ. ಚಿಂಚೋಳಿಯ ಮಗಳು. ಗಂಡ ಇಲ್ಲಿನ ತಹಸೀಲಿನಲ್ಲಿ ಕಾಗದಪತ್ರ ನೋಡುವ ಪೇಶಕಾರನಾಗಿದ್ದ. ನಿಜಾಮನ ರಾಜ್ಯಕ್ಕೆ ಭಾರತದ ಸೈನ್ಯ ಬಂದ ಪೊಲೀಸ್ ಆಕ್ಷನ್ನಿಗೆ ವಾರ ಮೊದಲು, ಕಚೇರಿ ಕಾಗದ ಮುಟ್ಟಿಸಿ ನಾಲ್ಕು ದಿನದಲ್ಲಿ ಬರುತ್ತೇನೆಂದು ಹೈದರಾಬಾದಿನ ರೈಲು ಹತ್ತಿದ. "ಟೇಸನ್ನಿಗಿ ನಾನೇ ಬಿಟ್ಟು ಬಂದೀನಿ. ಮೂರು ವರ್ಷ ಆಯ್ತು. ಇದ್ದಾನಂತ ಯಾರೂ ಅನ್ನಲ್ಲ. ಇಲ್ಲಂತನೂ ಯಾರೂ ಅನ್ನಲ್ಲ." ಹುಡುಗಿಯರಿಗೆ ಓದು ಹೇಳಿಕೊಡುತ್ತ, ಬಟ್ಟೆ ಹೊಲಿಯುತ್ತ, ತವರಿನಿಂದ ಜೊತೆಗೆ ಬಂದ ಆ ಮುದುಕಿ ಇಮಾಮ್ಬೀಯೊಂದಿಗೆ ಆಕೆ ಅದೇ ಮನೆಯಲ್ಲಿ ಉಳಿದಿದ್ದಳು.

ಅಲ್ಲಿಂದ ಮುಂದೆ ತಂಬು ಚಿತ್ತಾಪುರಕ್ಕೆ ಬಂದಾಗಲೆಲ್ಲ, ಸಿನಿಮಾ ಬದಲಾದಾಗಲೆಲ್ಲ, ಇಮಾಮ್ಬೀ ಬಂದು ಒಂದೇ ಮಾತು ಕೇಳುತ್ತಿದ್ದಳು. ಹೋದವನು ಬರುತ್ತಾನೋ? ಬರುವುದಾದರೆ ಬೇಗಂ ಬರುತ್ತಿದ್ದಳು. ಇಲ್ಲವಾದರೆ ಆ ಬೆರಳು ಪರದೆಯ ಅಂಚು ಬಿಡುತ್ತಿತ್ತು, ಸಂಜೆ ಟಾಂಗಾ ಬೇಡವೆಂದು ಹೇಳಿಕಳಿಸುತ್ತಿದ್ದಳು. ಎಷ್ಟೋ ಸಿನಿಮಾದಲ್ಲಿ ಹೋಗುವವರೂ ಇರುತ್ತಿರಲಿಲ್ಲ, ಬರುವವರೂ ಇರುತ್ತಿರಲಿಲ್ಲ. ಅಂಥ ದಿನ ಚಂದ್ರಾಮ "ಇದರಾಗ ಯಾರೂ ಎಲ್ಲಿಗೂ ಹೋಗಲ್ಲ ಬೀಬೀ" ಎಂದು ಹೇಳಿಕಳಿಸಿದರೆ, ಒಳಗಿನಿಂದ ಸಣ್ಣಗೆ ನಗುವ ಸದ್ದು ಬರುತ್ತಿತ್ತು. ಆ ನಗು ಕೇಳಿದ ದಿನ ಅವನು ಮುಂದಿನ ಗಲ್ಲಿಗಳಲ್ಲಿ ಇನ್ನಷ್ಟು ಚೆನ್ನಾಗಿ ಕತೆ ಹೇಳುತ್ತಿದ್ದ. ವಾಡಿಯಲ್ಲೋ ಶಹಾಬಾದಿನಲ್ಲೋ ಹೊಸ ಸಿನಿಮಾ ನೋಡುವಾಗ, ಇದು ಚಿತ್ತಾಪುರಕ್ಕೆ ಹೋದರೆ ಏನು ಹೇಳಲಿ ಎಂದು ಅವನ ಮನಸ್ಸು ಮುಂದಕ್ಕೆ ಓಡುತ್ತಿತ್ತು. ಹಾಗೆ ಓಡುತ್ತದೆಂದು ಅವನು ಯಾರಿಗೂ ಹೇಳಲಿಲ್ಲ.

ಮಳೆಗಾಲದಲ್ಲಿ ಊರಿಗೆ ಹೋದಾಗ ಚಂದಮ್ಮ ರೊಟ್ಟಿ ಬಡಿಯುತ್ತ ಒಮ್ಮೆ ಹೇಳಿದಳು: "ನಾಡಿಗೆಲ್ಲಾ ಕತಿ ಮುಂಚೇನೇ ಹೇಳ್ತಿ. ನೀ ಯಾವಾಗ ಬರ್ತಿ ಅಂಬೋದು ಮಾತ್ರ ಎಂದೂ ಹೇಳಂಗಿಲ್ಲ ನೋಡು." ಸಿಟ್ಟಿನಿಂದ ಹೇಳಿದ್ದಲ್ಲ.

೧೯೫೩ರ ಜನವರಿಯಲ್ಲಿ ಮತ್ತೆ ಚಿತ್ತಾಪುರ. ಈ ಸಲ ಬಂದ ಸಿನಿಮಾದಲ್ಲಿ ಗಂಡ ಪಟ್ಟಣಕ್ಕೆ ದುಡಿಯಲು ಹೋಗುತ್ತಾನೆ. ಹೆಂಡತಿ ದಿನಾ ಸ್ಟೇಶನ್ನಿಗೆ ಬಂದು ಬೆಂಚಿನ ಮೇಲೆ ಕೂತು ರೈಲಿನ ದಾರಿ ಕಾಯುತ್ತಾಳೆ. ಕೊನೆಯ ರೀಲಿನಲ್ಲಿ ಅವನು ಸತ್ತ ಸುದ್ದಿ ಬರುತ್ತದೆ. ಆಕೆ ನಂಬುವುದಿಲ್ಲ, ಅದೇ ಬೆಂಚಿನ ಮೇಲೆ ಕೂತೇ ಇರುತ್ತಾಳೆ. ಪರೀಕ್ಷೆಯಲ್ಲಿ ನೋಡಿ ಎದ್ದ ಚಂದ್ರಾಮನಿಗೆ ಮರುದಿನ ಆ ಗಲ್ಲಿಗೆ ಹೋಗುವುದೇ ಬೇಡವೆನಿಸಿತು. ಆದರೆ ಲಾಲ್ ಅಹ್ಮದನ ಕುದುರೆಗೆ ದಾರಿ ರೂಢಿಯಾಗಿತ್ತು.

ಇಮಾಮ್ಬೀ ಬಂದಳು. ಮೊದಲಿಗಿಂತ ಸೋತಿದ್ದಳು.

"ಬೀಬೀಗೆ ರಮಜಾನ್ ಆದಾಗಿಂದ ಆರಾಮಿಲ್ಲ. ಅಂಗಳಕ್ಕೂ ಬರವಲ್ರು. ನಿನ್ನ ದನಿ ಕೇಳಿ ಇವತ್ತ್ ಎದ್ದು ಕುಂತಾರ. ಹೇಳಪ್ಪ, ಬರ್ತಾನೇನು ಅಂವ?"

ಪರದೆಯ ಹಿಂದೆ ಯಾರೋ ನಿಂತದ್ದು ಬಟ್ಟೆ ಅಲುಗಿದ್ದರಿಂದ ಗೊತ್ತಾಯಿತು. ಲಾಲ್ ಅಹ್ಮದ್ ಮುಖ ತಿರುಗಿಸಿ ಕುದುರೆಯ ಕಿವಿ ನೋಡುತ್ತ ಕೂತ. ಚಂದ್ರಾಮ ಆವರೆಗೆ ಸಾವಿರ ಸಲ ಕೊನೆ ಹೇಳಿದ್ದ. ಒಂದು ಸಲವೂ ಬದಲಿಸಿ ಹೇಳಿರಲಿಲ್ಲ.

"ಬರ್ತಾನ" ಎಂದ.

ಸಂಜೆ ಲಾಲ್ ಅಹ್ಮದ್ ಟಾಂಗಾಕ್ಕೆ ಚಾದರ ಕಟ್ಟಿದ. ಆಟ ಶುರುವಾದ ಮೇಲೆ ಚಂದ್ರಾಮ ತಂಬಿನ ಒಳಗೂ ನಿಲ್ಲಲಾರದೆ ಹೊರಗೂ ನಿಲ್ಲಲಾರದೆ ಜನಾನಾ ಕಡೆಯ ಕನಾತಿನ ಬಟ್ಟೆಗೋಡೆಯ ಮಗ್ಗುಲಲ್ಲಿ ಓಡಾಡಿದ. ಇಂಟರ್‌ವಲ್ ಆಯಿತು. ಅವನು ಆಪರೇಟರನ ಹತ್ತಿರ ಹೋದ.

"ಅಣ್ಣಾ, ಇವತ್ತ್ ಒಂದ್ ದಿನ ಕಡೀ ರೀಲ್ ಬಿಟ್ಟುಬಿಡು. ಅಕಿ ದಾರಿ ಕಾಯ್ಕೊಂತ ಬೆಂಚಿನ ಮ್ಯಾಲ ಕುಂದರತಾಳಲ್ಲ, ಅಲ್ಲಿಗೇ ಮುಗೀತು ಅನ್ನು."

"ತಲಿ ಕೆಟ್ಟದೇನು? ಮಂದಿ ತಂಬು ಹರೀತಾರ" ಎಂದು ಆಪರೇಟರ ರೀಲು ಏರಿಸಿದ.

ಕೊನೆಯ ರೀಲು ಓಡಿತು. ಕನಾತಿನ ಒಳಗಿಂದ ಹೆಂಗಸರ ಅಳು ಕೇಳಿಸಿತು. ಅದರಲ್ಲಿ ಯಾವುದು ಯಾರದೆಂದು ಅವನಿಗೆ ಗೊತ್ತಾಗಲಿಲ್ಲ. ಆಟ ಬಿಟ್ಟಾಗ ಎಲ್ಲರ ಹಿಂದೆ ರಶೀದಾಬೇಗಂ ಬಂದಳು. ಬುರ್ಖಾದೊಳಗಿನ ಮುಖ ಕಾಣುತ್ತಿರಲಿಲ್ಲ. ಟಾಂಗಾದ ಮೆಟ್ಟಿಲ ಹತ್ತಿರ ನಿಂತು, ಮೊದಲ ಸಲ ಅವನೊಡನೆ ನೇರವಾಗಿ ಮಾತಾಡಿದಳು. ಕನ್ನಡದಲ್ಲೇ.

"ಬರ್ತಾನ ಅಂದಿದ್ದಿ."

"ಅಂದಿದ್ದೆರಿ ಬೀಬೀ."

"ನಿಂಗ ಗೊತ್ತಿತ್ತು."

"ಗೊತ್ತಿತ್ತುರಿ."

ಆಕೆ ಟಾಂಗಾ ಹತ್ತಿದಳು. ಲಾಲ್ ಅಹ್ಮದ್ ಚಾದರ ಇಳಿಬಿಟ್ಟ.

ನಾಲ್ಕು ದಿನ ಚಂದ್ರಾಮ ಆ ಗಲ್ಲಿಯನ್ನು ತಪ್ಪಿಸಿದ. ಐದನೆಯ ದಿನ ಧೈರ್ಯ ಮಾಡಿ ಹೋದರೆ ಮನೆಗೆ ಬೀಗ. ಇಬ್ಬರೂ ಹೈದರಾಬಾದಿಗೆ ಹೋದರು, ಅಲ್ಲಿ ಬೇಗಂ ಸಾಹೇಬರ ಅಣ್ಣ ಇದ್ದಾನೆ ಎಂದು ನೆರೆಯವರು ಹೇಳಿದರು. ಯಾಕೆ ಹೋದರು, ಯಾವಾಗ ಬರುತ್ತಾರೆ ಎಂದು ಅವರಿಗೆ ತಿಳಿದಿರಲಿಲ್ಲ.

ಆಮೇಲೆ ಚಂದ್ರಾಮ ಸಾಹುಕಾರರ ಮಾತನ್ನು ಚಾಚೂ ತಪ್ಪದೆ ನಡೆಸಿದ. ಇಂಟರ್‌ವಲ್ಲಿಗೆ ಬಂದರೆ ಭೋಂಗಾ ಕೆಳಗಿಳಿಸುತ್ತಿದ್ದ. ವಾಡಿಯವರು ಖುಷಿಪಟ್ಟರು. ಹಣಮಮ್ಮ ಮಾತ್ರ ಸಂತೆಯಲ್ಲಿ ಅಡ್ಡಗಟ್ಟಿ, "ಏನಪ್ಪಾ, ಗಂಟಲಾಗ ಏನ್ ಸಿಕ್ಕೊಂಡದ? ಅರ್ಧಕ್ಕ ನಿಂತೆಲ್ಲ" ಎಂದು ಕೇಳಿದಳು. ಏನೂ ಇಲ್ಲ ಎಂದ. ಚಿತ್ತಾಪುರದಲ್ಲಿ ತಂಬು ಬಿದ್ದಾಗ ಮೊದಲ ದಿನವೇ ಆ ಗಲ್ಲಿಗೆ ಹೋಗಿ ಬೀಗ ನೋಡಿ ಬರುತ್ತಿದ್ದ. ಬೀಗಕ್ಕೆ ತುಕ್ಕು ಹಿಡಿಯಿತು. ಗೋಣಿತಟ್ಟನ್ನು ಯಾರೋ ಕಿತ್ತುಕೊಂಡು ಹೋಗಿದ್ದರು. ಏನಾಗಿರಬಹುದೆಂದು ಅವನು ನೂರು ಬಗೆಯಲ್ಲಿ ಯೋಚಿಸಿದ. ಸಿನಿಮಾದ ಹಾಗೆ ಒಂದು ದಿನ ಮೊದಲೇ ಕೂತು ನೋಡಿಬಿಡಲು ಬರುವಂಥದ್ದಲ್ಲ ಅದು.

೧೯೫೫ರಲ್ಲಿ ಸಿನಿಮಾ ಹಂಚುವ ಕಂಪನಿಯವರು ಸಿನಿಮಾದ ಡಬ್ಬಿಗಳ ಜೊತೆ ಒಂದು ಸಣ್ಣ ರೀಲು ಕಳಿಸತೊಡಗಿದರು. ಟ್ರೇಲರ್ ಎಂದು ಅದಕ್ಕೆ ಹೆಸರು. ಮುಂದಿನ ವಾರ ಬರುವ ಸಿನಿಮಾದ ತುಣುಕುಗಳನ್ನು ಸೇರಿಸಿ, ಈ ವಾರದ ಆಟದ ಮೊದಲು ತೋರಿಸಬೇಕು. ಶಹಾಬಾದಿನಲ್ಲಿ ಮೊದಲ ಸಲ ಅದನ್ನು ಹಾಕಿದಾಗ ಚಂದ್ರಾಮ ಕಂಬಕ್ಕೆ ಒರಗಿ ನಿಂತು ನೋಡಿದ. ಮೂರು ನಿಮಿಷದಲ್ಲಿ ಮದುವೆ, ತಾಯಿಯ ಸಾವು, ಕೋರ್ಟು, ಬಿಡುಗಡೆ, ಗಂಡ ಹೆಂಡತಿ ಅಪ್ಪಿಕೊಂಡದ್ದು ಎಲ್ಲ ಬಂದು ಹೋಯಿತು. ಹಿಂದಿನ ಬೆಂಚಿನಿಂದ ಯಾರೋ ಕೂಗಿದರು: "ಮುಗೀತಲ್ಲೋ, ಎಲ್ಲಾ ತೋರ್ಸಿಬಿಟ್ರು. ಇದಕ್ಕಿಂತ ನಮ್ಮ ಚಂದ್ರಾಮನೇ ಛಲೋ, ಅಳಿಸಿಯಾದ್ರೂ ಹೇಳ್ತಿದ್ದ." ಜನ ನಕ್ಕರು. ನಾಗೇಂದ್ರಪ್ಪನವರೂ ನಕ್ಕರು. ಆದರೆ ಬರುವ ವರ್ಷದಿಂದ ಟಾಂಗಾ ವಾರಕ್ಕೊಂದೇ ದಿನ ಸಾಕು ಎಂದರು.

ಆ ವರ್ಷದ ಡಿಸೆಂಬರಿನಲ್ಲಿ, ಚಿತ್ತಾಪುರದಲ್ಲಿ, ಬೆಳಗಿನ ಹೊತ್ತು ಲಾಲ್ ಅಹ್ಮದ್ ತಂಬಿನ ಹತ್ತಿರ ಬಂದು, "ನಡಿ, ಕರ್ಯಾಕತ್ತಾರ" ಎಂದ. ಯಾರೆಂದು ಚಂದ್ರಾಮ ಕೇಳಲಿಲ್ಲ.

ಬೀಗ ತೆಗೆದಿತ್ತು. ಒಳಗೆ ಪಾತ್ರೆ, ಪೆಟ್ಟಿಗೆ, ಹೊಲಿಗೆ ಮಶೀನು ಕಟ್ಟಿ ಇಟ್ಟಿದ್ದರು. ಮನೆ ಮಾರಿಯಾಗಿತ್ತು. ಇಮಾಮ್ಬೀ ಹೈದರಾಬಾದಿನಲ್ಲೇ ತೀರಿಕೊಂಡಿದ್ದಳಂತೆ. ರಶೀದಾಬೇಗಂ ಪಡಸಾಲೆಯಲ್ಲಿ ಕೂತಿದ್ದಳು, ತಲೆಯ ಮೇಲೆ ಬಿಳಿ ದುಪ್ಪಟ್ಟಾ, ಮುಖಕ್ಕೆ ಮುಸುಕಿರಲಿಲ್ಲ. ತಾನು ಎಣಿಸಿದ್ದಕ್ಕಿಂತ ವಯಸ್ಸಾದವಳು ಎಂದು ಚಂದ್ರಾಮನಿಗೆ ಅನ್ನಿಸಿತು. ಎದುರಿಗೆ ನೋಡಲಾರದೆ ಹೊಸ್ತಿಲ ಹೊರಗೆ ಕೂತ.

"ಬೀಬೀ, ಅವತ್ತ್ ನಾ ಸುಳ್ಳು ಹೇಳ್ಬಾರ್ದಿತ್ತು."

"ಹೂಂ, ಹೇಳ್ಬಾರ್ದಿತ್ತು" ಎಂದಳು. "ಆ ಸಿನಿಮಾದಾಗಿನ ಹೆಣ್ಮಗಳು ಟೇಸನ್‌ದಾಗ ಕುಂತೇ ಇದ್ಲು. ಯಾರಿಗೂ ಒಂದ್ ಮಾತು ಕೇಳಲಿಲ್ಲ. ಅಕಿನ್ನ ನೋಡಿ ನಂಗ ಸಿಟ್ಟು ಬಂತು. ಮನೀಗಿ ಬಂದು ರಾತ್ರೆಲ್ಲಾ ಕುಂತೆ. ನಾನೂ ಕೇಳಿಲ್ಲಲ್ಲ ಅನ್ನಸ್ತು. ನಮ್ಮಣ್ಣ ಒಮ್ಮೆ ಕೇಳ್ದ, ಯಾರೂ ಹೇಳ್ಲಿಲ್ಲ, ಬಿಟ್ಟ. ಅದಕ್ಕ ನಾನೇ ಹೋದೆ."

ಗಂಡ ಇಳಿದುಕೊಳ್ಳುತ್ತಿದ್ದ ಗೆಳೆಯನ ಮನೆಗೆ ಹೋದಳು. ಗೆಳೆಯ ಊರು ಬಿಟ್ಟಿದ್ದ. ಅಲ್ಲಿಂದ ಕಚೇರಿಗಳು, ಮಸೀದಿಗಳು, ಗೊತ್ತಿದ್ದವರ ಗೊತ್ತಿದ್ದವರು. ಇಮಾಮ್ಬೀಯನ್ನು ಕರೆದುಕೊಂಡು ಹದಿನಾಲ್ಕು ತಿಂಗಳು ನಡೆದಳು. ಚಂದ್ರಾಮ ತನಗರಿವಿಲ್ಲದೆ "ಆಮ್ಯಾಲ?" ಎಂದ. ಕೇಳಿದ ಮೇಲೆ, ಉತ್ತರ ಬಾರದಿದ್ದರೆ ಒಳ್ಳೆಯದು ಎನಿಸಿತು. ಆದರೆ ಆಕೆ ನಿಲ್ಲಿಸಲಿಲ್ಲ.

"ನಾಂಪಲ್ಲಿ ಟೇಸನ್ ಬಾಜೂಕ ಒಬ್ಬ ಚಹಾದವ. ಮುದುಕ. ಓದು ಬರಹ ಬರಲ್ಲ ಪಾಪ. ಇವ್ರು ಮೂರನೇ ದಿನಕ್ಕ ಜ್ವರ ಹಿಡಿದು ಅವನ ಅಂಗಡೀ ಮುಂದ ಬಿದ್ರಂತ. ಶಹರದಾಗ ಗದ್ದಲ ಇತ್ತು. ಅವನೇ ದವಾಖಾನಿಗಿ ಹಾಕ್ದ. ಒಂಬತ್ತನೇ ದಿನ ತೀರಿಕೊಂಡ್ರು. ಮಸೀದಿಯವ್ರು ಕೂಡಿ ಮಣ್ಣು ಕೊಟ್ರು. ಯಾರಿಗೆ ತಿಳಿಸ್ಬೇಕು ಅಂತ ಅವನಿಗಿ ತಿಳೀಲಿಲ್ಲ. ಚೀಲ ಮಾತ್ರ ಇಟ್ಟುಕೊಂಡಿದ್ದ, ಯಾರಾದ್ರೂ ಬರ್ತಾರಂತ."

ಆಕೆ ಕೈಯಲ್ಲಿದ್ದ ಸಣ್ಣ ವಸ್ತ್ರವನ್ನು ಬಿಚ್ಚಿದಳು. ಒಳಗೆ ಒಂದು ರೈಲು ಟಿಕೀಟು, ದಪ್ಪ ರಟ್ಟಿನದು. ಹೈದರಾಬಾದಿನಿಂದ ಚಿತ್ತಾಪುರಕ್ಕೆ.

"ತಗೊಂಡಿಟ್ಟಿದ್ರು. ಬರವ್ರಿದ್ರು."

ಲಾಲ್ ಅಹ್ಮದ್ ಹೊರಗೆ ಟಾಂಗಾದ ಗಾಲಿಗೆ ಒರಗಿ ನಿಂತಿದ್ದವನು, ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ. ಏಳು ವರ್ಷದ ಹಿಂದೆ ಆ ಮನುಷ್ಯನನ್ನು ಸ್ಟೇಶನ್ನಿಗೆ ಬಿಟ್ಟವನು ಅವನೇ.

"ಇದನ್ನ ನಿಂಗ ಹೇಳ್ಬೇಕಂತಿತ್ತು" ಎಂದಳು ರಶೀದಾಬೇಗಂ. "ಮತ್ಯಾರಿಗಿ ಹೇಳ್ಲಿ? ಹೋದವ ಬರ್ತಾನೇನು ಅನ್ನೋ ನನ್ನ ಮಾತು ಇಲ್ಲಿ ಕೇಳಿಸ್ಕೊಂಡವ ನೀನೊಬ್ಬನೇ."

ಸಂಜೆಯ ಪ್ಯಾಸೆಂಜರಿಗೆ ಇಬ್ಬರೂ ಆಕೆಯ ಪೆಟ್ಟಿಗೆಗಳನ್ನು ಏರಿಸಿದರು. ಅಣ್ಣನ ಮನೆಯಲ್ಲಿ ಇರುತ್ತೇನೆ, ಓಣಿಯ ಹುಡುಗಿಯರು ಓದಲು ಬರುತ್ತಾರೆ ಎಂದು ಹೇಳಿದಳು. ಹೊಲಿಗೆ ಮಶೀನನ್ನು ಜೋಪಾನವಾಗಿ ಇಡಿ ಎಂದಳು. ರೈಲು ಸೇಡಂ ಕಡೆ ಮುಖ ಮಾಡಿ ಹೊರಟಿತು. ಜನಾನಾ ಡಬ್ಬಿಯ ಕಿಟಕಿಯಿಂದ ಯಾವ ಕೈಯೂ ಹೊರಗೆ ಬರಲಿಲ್ಲ. ಚಂದ್ರಾಮ ಪ್ಲಾಟ್‌ಫಾರ್ಮಿನ ಕೊನೆಯವರೆಗೆ ನಡೆದು, ಹಿಂದಿನ ಡಬ್ಬಿಯ ಕೆಂಪು ದೀಪ ಕಾಣದಾದ ಮೇಲೂ ಅಲ್ಲೇ ನಿಂತ.

"ನಡಿಯಪ್ಪಾ, ಆಟದ ಹೊತ್ತಾತು" ಎಂದ ಲಾಲ್ ಅಹ್ಮದ್.

"ನೀ ಹೋಗು ಚಾಚಾ. ನಾ ನಡ್ಕೊಂತ ಬರ್ತೀನಿ."

೧೯೫೬ರ ಮಳೆಗಾಲಕ್ಕೆ ತಂಬು ಸೇಡಂಗೆ ಹೋಯಿತು. ಮುಂದಿನ ಹಂಗಾಮಿಗೆ ಚಂದ್ರಾಮ ಬರಲಿಲ್ಲ. ಹೊಳೆಯಲ್ಲಿ ತಮ್ಮನ ಜೊತೆ ಮತ್ತೆ ದೋಣಿಗೆ ಇಳಿದಿದ್ದ. ನವೆಂಬರಿನಲ್ಲಿ ಹೈದರಾಬಾದ್ ರಾಜ್ಯ ಹೋಗಿ ಈ ತಾಲೂಕುಗಳೆಲ್ಲ ಮೈಸೂರಿಗೆ ಸೇರಿದವು. ಹೈದರಾಬಾದು ಈಗ ಬೇರೆ ರಾಜ್ಯ ಎಂದು ದೋಣಿಯಲ್ಲಿ ಕೂತ ಮಾಸ್ತರರೊಬ್ಬರು ವಿವರಿಸಿದಾಗ ಅವನು ಹುಟ್ಟು ಹಾಕುವುದನ್ನು ನಿಲ್ಲಿಸಿ, "ರೈಲು ಹೋಗ್ತದಲ್ಲರಿ, ಮೊದಲಿನಂಗ?" ಎಂದು ಕೇಳಿದ. ಹೋಗುತ್ತದೆ ಎಂದರು.

ಚಂದಮ್ಮನಿಗೆ ಅವನು ಈ ಸಂಗತಿಯನ್ನೆಲ್ಲ ಒಂದು ಮಧ್ಯಾಹ್ನ, ದಂಡೆಯ ಮೇಲೆ ಬಲೆ ಒಣಹಾಕುತ್ತ ಹೇಳಿದ. ಮೊದಲಿನಿಂದ, ಒಂದನ್ನೂ ಬಿಡದೆ. ಮುಗಿದ ಮೇಲೆ ಅವಳು ಕೇಳಿದಳು:

"ಈಗ ಹ್ಯಾಂಗಿದ್ದಾಳಂತ ಆ ತಾಯಿ?"

"ಗೊತ್ತಿಲ್ಲ" ಎಂದ ಚಂದ್ರಾಮ. "ಗೊತ್ತಾಗಬೇಕಂತ ಭಾಳ ಅನ್ನಸ್ತದ."

ಆಚೆ ದಂಡೆಯಲ್ಲಿ ಯಾರೋ ಬಂದು ನಿಂತಿದ್ದರು. ಅವನು ಎದ್ದು ದೋಣಿಯ ಹಗ್ಗ ಬಿಚ್ಚಿದ.